ಹೊರಡುವಾಗ ಕೇಳಬಾರದ ಮಾತು

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಶಕುಂತಲಮ್ಮನವರ ಮಟ್ಟಿಗೆ ಇದು ಮೈಸೂರಿನಲ್ಲಿ ಎಷ್ಟು ನಿಜವೋ ಟೆಕ್ಸಾಸಿನ ಟೇಲರ್ ಎಂಬ ಊರಿನಲ್ಲೂ ಅಷ್ಟೇ ನಿಜ. ಅವರ ಬಾಯಿಂದ ಬೈಸಿಕೊಂಡವರಿಗೆ ಲೆಕ್ಕವಿಲ್ಲ, ಕೊರಿಯರ್ ಹುಡುಗನೂ ಸೇರಿ.

ಆ ಶನಿವಾರ ಬೆಳಗಿನ ಜಾವ ಬೈಸಿಕೊಂಡವಳು ಸೊಸೆ ಕೃಷ್ಣವೇಣಿ. ಅವಳ ಗಂಡ ನಿಶ್ಚಲ್ ಬಾಗಿಲಲ್ಲಿ ಕೂತು ಬೋಂಡನ ಕಾಲಿಗೆ ಕೆಂಪು ಬೂಟು ತೊಡಿಸುತ್ತಿದ್ದ. ಬೋಂಡ ಎಂದರೆ ಮನೆಯ ನಾಯಿ. ಬಣ್ಣವೂ ಅದೇ, ಆಕಾರವೂ ಅದೇ. ತಿಂಗಳಿಗೊಮ್ಮೆ ನಿಶ್ಚಲ್ ಅದನ್ನು ಕಾರಿಗೆ ಹತ್ತಿಸಿಕೊಂಡು ಏಳೆಂಟು ಗಂಟೆ ಪಶ್ಚಿಮಕ್ಕೆ ಓಡಿಸಿ, ಮನುಷ್ಯರ ಸುಳಿವಿಲ್ಲದ ಮರುಭೂಮಿಯಲ್ಲಿ ನಡೆದು, ಒಂದು ರಾತ್ರಿ ಕಳೆದು ಬರುತ್ತಿದ್ದ. ವಾರವಿಡೀ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಮೈತುಂಬ ಬಿಳಿ ಗೌನು ಹಾಕಿಕೊಂಡು ನಿಲ್ಲುವವನಿಗೆ ಅದೇ ಉಸಿರು. ಬೂಟು ಕಾದ ಕಲ್ಲಿಗೆ ನಾಯಿಯ ಪಾದ ಬೇಯದಿರಲೆಂದು.

"ಈ ಸಲ ಎಲ್ಲಿ..." ಎಂದು ವೇಣಿ ಬಾಯಿ ತೆರೆದಳು.

"ವೇಣಿ! ಹೊರಟೋನ್ನ ಹಾಗೆ ಕೇಳ್ತಾರೇನೆ? ಬೇಕಾದ್ರೆ ದೂರಾನಾ ಅಂತ ಕೇಳು."

ನಿಶ್ಚಲ್ ನಕ್ಕ. "ಆಮೇಲೆ ಮೆಸೇಜ್ ಮಾಡ್ತೀನಿ ಬಿಡೆ. ನಾಳೆ ಸಾಯಂಕಾಲ ಇಲ್ಲಿರ್ತೀನಿ."

ಅತ್ತೆ ಮೊಸರನ್ನದ ಡಬ್ಬಿ ಹಿಡಿದು ಕಾರಿನವರೆಗೂ ಹೋಗಿ ಕೊಟ್ಟು ಬಂದರು. ಮೆಸೇಜ್ ಬರಲಿಲ್ಲ. ಭಾನುವಾರ ಸಂಜೆಯಾಯಿತು, ನಿಶ್ಚಲ್ ಬರಲಿಲ್ಲ. ಫೋನು ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

ಸೋಮವಾರ ಬೆಳಗ್ಗೆ ಆರಕ್ಕೆ ವೇಣಿ ಪಶ್ಚಿಮದ ಮೂರನೆಯ ಶೆರಿಫ್ ಕಚೇರಿಗೆ, ಎಂದರೆ ಅಲ್ಲಿನ ಪೊಲೀಸರಿಗೆ, ಫೋನ್ ಮಾಡಿದಳು. ಮೂರರಲ್ಲೂ ಕೇಳಿದ್ದು ಒಂದೇ ಪ್ರಶ್ನೆ: ಅವರು ಎಲ್ಲಿಗೆ ಹೋದರು? ಮೈಸೂರು, ಮಂಡ್ಯ ಎರಡು ಜಿಲ್ಲೆಗಳನ್ನು ಹಾಕಿದರೂ ಅಲ್ಲಿನ ದೊಡ್ಡ ಕೌಂಟಿ ಒಂದು ತುಂಬುವುದಿಲ್ಲ. ‘ಮರುಭೂಮಿಗೆ’ ಎಂದರೆ ಯಾರು ಯಾವ ಕಡೆ ಹುಡುಕಿಯಾರು? ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲೂ ಕೈಮುಗಿದ ಚಿತ್ರಗಳ ನಡುವೆ ಅದೇ ಪ್ರಶ್ನೆ. ಹೆಂಡತಿಯಾಗಿ ಅಷ್ಟೂ ಗೊತ್ತಿಲ್ಲವೇ ಎಂದು ಯಾರೂ ಬರೆದಿರಲಿಲ್ಲ. ಆದರೂ ಅವಳಿಗೆ ಪ್ರತಿ ಸಾಲಿನಲ್ಲೂ ಅದೇ ಕಾಣುತ್ತಿತ್ತು.

ನಾಚಿಕೆಗೇಡಿನ ಸಂಗತಿಯೆಂದರೆ, ವೇಣಿಯ ಹೊಟ್ಟೆಪಾಡೇ ‘ಎಲ್ಲಿಗೆ’ ಎಂಬ ಮಾತಿನ ಮೇಲೆ ನಿಂತಿತ್ತು. ಅವಳು ಹೆಲಿಕಾಪ್ಟರ್ ಪೈಲಟ್. ವಿದ್ಯುತ್ ತಂತಿಗಳ ಗುಂಟ ಹಾರಿ ಎಲ್ಲಿ ಏನು ಕೆಟ್ಟಿದೆ ಎಂದು ನೋಡುವ ಕೆಲಸ. ಎರಡು ಹೆಲಿಕಾಪ್ಟರುಗಳ ಆ ಸಣ್ಣ ಕಂಪನಿಯ ಯಜಮಾನ ಧಾರವಾಡದ ಬಸವರಾಜ್. ಅವರ ಗೋಡೆಯ ಮೇಲೊಂದು ಬಿಳಿ ಹಲಗೆ: ಎಲ್ಲಿಗೆ, ಎಷ್ಟಕ್ಕೆ ವಾಪಸ್, ಎಷ್ಟಾದರೆ ಹುಡುಕಬೇಕು. ಮೂರನ್ನೂ ತುಂಬದೆ ಅಲ್ಲಿ ಯಾರೂ ನೆಲ ಬಿಡುವಂತಿರಲಿಲ್ಲ. ಆರು ವರ್ಷದಲ್ಲಿ ವೇಣಿ ಒಂದು ದಿನವೂ ತಪ್ಪಿಸಿರಲಿಲ್ಲ. ಮನೆಯ ಹೊಸ್ತಿಲಲ್ಲಿ ಮಾತ್ರ ಅತ್ತೆಗೆ ಹೆದರಿ ಬಾಯಿ ಮುಚ್ಚಿದ್ದಳು.

"ನಿಮ್ಮಿಂದ ಅತ್ತೆ!" ಎಂದು ಕಡೆಗೆ ಕೂಗಿಯೇಬಿಟ್ಟಳು. "ಒಂದು ಮಾತು ಕೇಳೋಕೆ ಬಿಡಲಿಲ್ಲ ನೀವು!"

ಶಕುಂತಲಮ್ಮ ದೇವರ ಮುಂದೆ ಕೂತಿದ್ದವರು ಎದ್ದು ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ನಾನು ದೂರಾನಾ ಅಂತ ಕೇಳಿದ್ದೆ ಕಣೆ, ಕಾರಿನ ಹತ್ರ. ‘ದೂರಾನೇ ಅಮ್ಮ, ಬೋಂಡ ತೊಟ್ಟೀಲಿ ಸ್ನಾನ ಮಾಡಿದ್ನಲ್ಲ, ಅದರಿಂದಾಚೆ’ ಅಂದ. ಊರಿನ ಹೆಸರು ಹೇಳಲಿಲ್ಲ. ಅದೇನು ವಿಳಾಸ ಅಂತ ಸುಮ್ನಿದ್ದೆ."

ವೇಣಿ ಫೋನು ಕೈಗೆತ್ತಿಕೊಂಡಳು. ಫೆಬ್ರವರಿಯಲ್ಲಿ ನಿಶ್ಚಲ್ ಕಳಿಸಿದ್ದ ಫೋಟೋ ಅದರಲ್ಲಿತ್ತು: ಮುರುಕು ಗಾಳಿಯಂತ್ರ, ಅದರ ಬುಡದಲ್ಲಿ ದನಗಳ ನೀರಿನ ತೊಟ್ಟಿ, ತೊಟ್ಟಿಯಲ್ಲಿ ಮಹಾರಾಜನಂತೆ ಕೂತ ಬೋಂಡ. ಫೋಟೋದ ಕೆಳಗೆ ಒತ್ತಿದರೆ ಮ್ಯಾಪ್ ತೆರೆದುಕೊಂಡಿತು. ರಿಯೊ ಗ್ರಾಂಡೆ ನದಿಯ ಈಚೆಗೆ, ಮಣ್ಣುದಾರಿ ಬಿಟ್ಟರೆ ರಸ್ತೆಯೇ ಇಲ್ಲದ ಕಡೆ, ಒಂದು ಚುಕ್ಕೆ.

ಅವಳ ಫೋನು ಬಂದೊಡನೆ ಬಸವರಾಜ್ ಹೆಲಿಕಾಪ್ಟರಿಗೆ ಇಂಧನ ತುಂಬಿಸಿಟ್ಟು ಕಾದಿದ್ದರು. ಅವಸರದಲ್ಲಿ ಒಳಗೆ ಹತ್ತಲು ಹೋದವಳ ಕೈಗೆ ಪೆನ್ನು ಕೊಟ್ಟರು.

"ಎಲ್ಲಿಗೆ ಹೊಂಟೀರಿ, ಬರದು ಹೋಗ್ರಿ. ನಮ್ಮವ್ವನೂ ಹಿಂಗ ಕೇಳಬ್ಯಾಡ ಅಂತಿದ್ಲು. ಅಕಿಗೆ ಈ ಮರುಭೂಮಿ ಗೊತ್ತಿರಲಿಲ್ಲ. ಶೆರಿಫ್‌ಗೆ ನಾ ಹೇಳ್ತೀನ್ರಿ, ನೀವು ನಡೀರಿ."

ವೇಣಿಯ ಅಕ್ಷರ ಅಡ್ಡಾದಿಡ್ಡಿಯಾಯಿತು.

ಮೂರೂವರೆ ಗಂಟೆಯ ಹಾರಾಟ. ಕೆಳಗೆ ಹಸಿರು ಹಳದಿಯಾಯಿತು, ಹಳದಿ ಬೂದಿಯಾಯಿತು. ಅವಳು ಲೆಕ್ಕ ಹಾಕುತ್ತಲೇ ಇದ್ದಳು. ನಿಶ್ಚಲ್ ಒಯ್ಯುವುದು ಹತ್ತು ಲೀಟರ್ ನೀರು, ಎರಡು ದಿನಕ್ಕೆ, ಇಬ್ಬರಿಗೆ. ಇದು ಮೂರನೆಯ ದಿನ. ಲೆಕ್ಕ ಎಲ್ಲಿಂದ ಶುರುವಾದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಹಾರಲು ಕಲಿತ ದಿನವೂ ಆಗದಷ್ಟು ಹೆದರಿಕೆ ಅವಳಿಗಾಗಿತ್ತು. ಬಾಯಿ ಒಣಗಿ ನಾಲಗೆ ಅಂಟಿಕೊಂಡಿತ್ತು. ಪಕ್ಕದಲ್ಲೇ ನೀರಿನ ಬಾಟಲಿಯಿತ್ತು, ಕುಡಿಯಲು ಮನಸ್ಸು ಬರಲಿಲ್ಲ.

ಇಂಧನಕ್ಕೆ ಇಳಿದಾಗ ಬಸವರಾಜ್ ಫೋನ್ ಮಾಡಿದರು. "ಶೆರಿಫ್ ಮಂದಿಗೆ ಕಾರ್ ಸಿಕ್ಕೈತ್ರಿ. ಗಾಳಿಯಂತ್ರದ ಹತ್ರ. ಬರೇ ಕಾರ್ ಅಷ್ಟ. ನಡಕೊಂತ ಹುಡುಕಾಕ ಹತ್ತ್ಯಾರ" ಎಂದರು.

ಗಾಳಿಯಂತ್ರ ದಾಟಿದಾಗ ಹನ್ನೊಂದಾಗಿತ್ತು. ಹೊರಗೆ ನಲವತ್ತೆರಡು ಡಿಗ್ರಿ. ಒಣಗಿದ ಹಳ್ಳದ ಗುಂಟ, ತಂತಿ ನೋಡುವ ಹಾಗೆಯೇ, ನಿಧಾನವಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತ ಹಾರಿದಳು. ಕಲ್ಲು, ಮುಳ್ಳು, ಮತ್ತೆ ಕಲ್ಲು. ಆಮೇಲೆ ಬಂಡೆಯೊಂದರ ಮೇಲೆ ಕೆಂಪಗೆ ಏನೋ ಕಂಡಿತು. ಬೂಟು. ಒಂದೇ ಒಂದು ಬೂಟು, ಅದರೊಳಗೆ ಕಾಲಿಲ್ಲ.

"ಬೇಡಪ್ಪಾ, ಬೇಡ," ಎಂದು ವೇಣಿ ಗಟ್ಟಿಯಾಗಿಯೇ ಹೇಳಿಕೊಂಡಳು.

ಅರ್ಧ ಮೈಲಿ ಮುಂದೆ ಬೋಂಡ ಓಡುತ್ತಿತ್ತು, ಒಂಟಿಯಾಗಿ. ನಿಶ್ಚಲನನ್ನು ಬಿಟ್ಟು ಹತ್ತು ಹೆಜ್ಜೆ ಹೋಗದ ನಾಯಿ ಅದು. ವೇಣಿ ಸಮತಟ್ಟಾದ ಜಾಗ ಕಂಡಲ್ಲಿ ಇಳಿಸಿ, ರೆಕ್ಕೆ ನಿಲ್ಲುವವರೆಗೂ ಹಲ್ಲು ಕಚ್ಚಿ ಕೂತು, ನೀರಿನ ಬ್ಯಾಗು ಹೊತ್ತು ಧುಮುಕಿದಳು. ಬೋಂಡ ಹತ್ತಿರ ಬಂತು, ಮೈಗೆ ಹಾರಲಿಲ್ಲ, ಬಾಲ ಆಡಿಸಲಿಲ್ಲ. ಅಂಗೈಯಲ್ಲಿ ಸುರಿದ ನೀರನ್ನೂ ಪೂರ್ತಿ ಕುಡಿಯದೆ ತಿರುಗಿ ಕುಂಟುತ್ತ ಹೊರಟಿತು. ಬೂಟಿಲ್ಲದ ಕಾಲು ಊರಿದಲ್ಲೆಲ್ಲ ಕಲ್ಲಿನ ಮೇಲೆ ರಕ್ತದ ಗುರುತು.

ಹಿಂದೆ ಓಡುವಾಗ ವೇಣಿಗೆ ತಾನು ಏನನ್ನು ನೋಡಲು ಓಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಹೆಸರು ಕೂಗಲೂ ಭಯ. ಕೂಗಿದರೆ ಉತ್ತರ ಬರದಿದ್ದರೆ?

ಹಳ್ಳದ ದಡ ಚಾಚಿಕೊಂಡು ಒಂದಿಷ್ಟು ನೆರಳು ಬಿದ್ದಿದ್ದ ಕಡೆ ನಿಶ್ಚಲ್ ಅಂಗಾತ ಮಲಗಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಮುರಿದು ಬಾತು ಕಪ್ಪಾಗಿತ್ತು. ತುಟಿ ಒಡೆದು ಕರಿಕಾಗಿತ್ತು. ಬೋಂಡ ಅವನ ಮುಖ ನೆಕ್ಕಿದಾಗ ಒಂದು ಕಣ್ಣು ತೆರೆಯಿತು.

"ವೇಣಿ..." ಗಂಟಲಿನಿಂದ ಗಾಳಿಯಷ್ಟೇ ಬಂತು. "ನಾನಿಲ್ಲಿದೀನಿ ಅಂತ... ಯಾರು ಹೇಳಿದ್ರು?"

ಅವಳು ಅವನ ತಲೆ ತೊಡೆಯ ಮೇಲಿಟ್ಟು ಮುಚ್ಚಳದಲ್ಲಿ ಹನಿಹನಿಯಾಗಿ ನೀರು ಬಿಡುತ್ತ, ಬೈಯುತ್ತ, ಅಳುತ್ತ ಕೂತಳು.

ಎರಡು ವಾರ ಕಳೆದು ವೇಣಿ ಮತ್ತೆ ಕೆಲಸಕ್ಕೆ ಹೊರಟಳು. ನಿಶ್ಚಲ್ ಕಾಲಿಗೆ ಪ್ಲಾಸ್ಟರ್, ಬೋಂಡನ ಕಾಲಿಗೆ ಬ್ಯಾಂಡೇಜು. ಇಬ್ಬರೂ ಒಂದೇ ಸೋಫಾದಲ್ಲಿ ಬಿದ್ದುಕೊಂಡಿದ್ದರು. ವೇಣಿ ಬಾಗಿಲು ತೆರೆದಾಗ ಶಕುಂತಲಮ್ಮ ಅಡುಗೆಮನೆಯಿಂದ ಬಂದರು. ಒಂದು ಕೈಯಲ್ಲಿ ಗೋಡೆಯ ಪಂಚಾಂಗ, ಇನ್ನೊಂದರಲ್ಲಿ ಪೆನ್ನು. ಅರವತ್ತೆಂಟು ವರ್ಷ ಬಾಯಿಗೆ ಬಾರದ ಮಾತು ಕಡೆಗೂ ಬಂತು.

"ಎಲ್ಲಿಗೆ?" ಎಂದರು.

ವೇಣಿ ನಿಂತಲ್ಲೇ ನಿಂತಳು. ಸೋಫಾದಲ್ಲಿ ನಿಶ್ಚಲ್ ತಲೆ ಎತ್ತಿ ನೋಡಿದ.

"ವೇಕೋ ಕಡೆ ಅತ್ತೆ. ನಾಲ್ಕಕ್ಕೆ ವಾಪಸ್. ಐದಾದ್ರೆ ಬಸವರಾಜ್ ಅವರಿಗೆ ಫೋನ್ ಮಾಡಿ."

ಅವರು ರಾಹುಕಾಲದ ಪಕ್ಕದಲ್ಲೇ ಅದಷ್ಟನ್ನೂ ಬರೆದುಕೊಂಡರು. ಬರೆದ ಮೇಲೆ ಮುಖ ಇಳಿಯಿತು.

"ಕೇಳಿಬಿಟ್ಟೆ. ಬಾ, ಒಳಗೆ ಬಂದು ಕೂತ್ಕೊಂಡು, ಒಂದ್ಲೋಟ ನೀರು ಕುಡಿದು ಹೊಸದಾಗಿ ಹೊರಡು."

ವೇಣಿ ಶೂ ಬಿಚ್ಚಿ ಒಳಗೆ ಬಂದು ಕೂತಳು. ಅತ್ತೆ ಲೋಟದ ತುಂಬ ನೀರು ತಂದುಕೊಟ್ಟರು. ಒಂದು ಹನಿಯನ್ನೂ ಉಳಿಸದೆ ವೇಣಿ ಕುಡಿದಳು.