ಕುಳ್ಳಯ್ಯನ ಗಂಟು

ಶ್ರೀರಂಗಪಟ್ಟಣದ ಕೋಟೆ ಬಾಗಿಲ ಬಳಿ ಫ್ರಿಜ್ಜು, ಏಸಿ ರಿಪೇರಿ ಅಂಗಡಿ ಇಟ್ಟಿದ್ದ ಬಾಬಾಜಾನನಿಗೆ ತೊಂಬತ್ತೊಂಬತ್ತರ ಏಪ್ರಿಲ್‌ನಲ್ಲಿ ಕೆ.ಆರ್. ಪೇಟೆಯಿಂದ ಫೋನು ಬಂತು. ಮಾತಾಡಿದವರು ಅಲ್ಲಿನ ಒಂದು ನರ್ಸಿಂಗ್ ಹೋಮಿನ ಡಾಕ್ಟರ್ ಹೇಮಶ್ರೀ. ಆಪರೇಷನ್ ಕೋಣೆಯ ಹಳೇ ಏಸಿ ಕಳಚಿ, ಹೊಸದನ್ನು ವರಾಂಡದ ಗೋಡೆಗೆ, ಸ್ಟೂಲು ಹಾಕಿ ನಿಂತರೆ ಕೈಗೆ ಸಿಗುವ ಹಾಗೆ ಕೂರಿಸಿಕೊಡಿ ಎಂದರು. ಏಳು ವರ್ಷದಿಂದ ಬಾಬಾಜಾನ್ ಬಾಯಿ ಬಡಿದುಕೊಂಡದ್ದೂ ಅದನ್ನೇ. ಕುಣಿದಾಡಬೇಕಿತ್ತು. ಆದರೆ ಫೋನು ಇಟ್ಟ ಮೇಲೆ ಅವನಿಗೆ ಯಾಕೋ ಬೇಜಾರಾಯಿತು.

"ಹಾಗಾದ್ರೆ ಆ ಸಜ್ಜಾ ಮೇಲೆ ಇಳಿಯೋದು ಇದೇ ಕಡೇ ಸಲ. ಹಗ್ಗ ಯಾರ ಕೈಲಿ?" ಎಂದಳು ಹೆಂಡತಿ ಅಸ್ಗರಿ ಬೇಗಂ.

"ಇನ್ಯಾರು, ಕುಳ್ಳಣ್ಣ."

"ಅವರ ಕೈ ನಡುಗ್ತದೆ ಅಂತ ಹೋದ ವರ್ಷ ನೀವೇ ಅಂದ್ರಲ್ಲ?"

ಬಾಬಾಜಾನ್ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತ ಕೂತ.

ಆ ಏಸಿಯನ್ನು ಅಲ್ಲಿ ಕೂರಿಸಿದ ಪುಣ್ಯಾತ್ಮ ಯಾರೋ, ಅವನನ್ನೂ ಒಂದು ದಿನ ಅಲ್ಲೇ ಕೂರಿಸಬೇಕಿತ್ತು. ಮುಂದಿನ ಗೋಡೆ ಬೋರ್ಡಿಗೆ ಬೇಕಂತೆ. ಪಕ್ಕದ ಗೋಡೆಗಿಟ್ಟರೆ ಬಿಸಿಗಾಳಿ ನೆರೆಮನೆಗೆ ಹೊಡೆದು ಜಗಳವಂತೆ. ಅದಕ್ಕೇ ಹಿಂದಿನ ಗೋಡೆಯಲ್ಲಿ, ಮಹಡಿಯ ಮೇಲೆ, ಸರಿಯಾಗಿ ಒಂದು ಕಲ್ಲು ಕಟ್ಟಿದ ಬಾವಿಯ ನೆತ್ತಿಗೆ ಕೂರಿಸಿದ್ದರು. ಒಳಗಿನಿಂದ ಎಳೆದರೆ ಮೇಜಿನ ಡ್ರಾಯರಿನಂತೆ ಈಚೆ ಬರಬೇಕಾದ ಯಂತ್ರವನ್ನು ಗಾರೆಯವರು ಟೈಲ್ಸ್ ಸಮೇತ ಹೂತುಬಿಟ್ಟಿದ್ದರು. ಹಾಗಾಗಿ ಧೂಳು ತೆಗೆಯಬೇಕೆಂದರೂ ಪಕ್ಕದ ಕಿಟಕಿಯಿಂದ ಹೊರಗಿಳಿದು, ಎರಡು ಗೇಣು ಅಗಲದ ಸಜ್ಜಾದ ಮೇಲೆ ಗೋಡೆಗೆ ಹೊಟ್ಟೆ ಒತ್ತಿಕೊಂಡು ಸರಿಯಬೇಕು. ಏಸಿಯಿಂದ ತೊಟ್ಟಿಕ್ಕಿದ ನೀರಿಗೆ ಸಜ್ಜಾದ ತುಂಬ ಪಾಚಿ.

ತೊಂಬತ್ತೆರಡರಲ್ಲಿ, ಮೊದಲ ಸಲ, ಬಾಬಾಜಾನ್ ಹಗ್ಗವಿಲ್ಲದೆ ಇಳಿದಿದ್ದ. ಮೂವತ್ತರ ಹುಮ್ಮಸ್ಸು. ಅರ್ಧ ದಾರಿಯಲ್ಲಿದ್ದಾಗ ಬಾವಿಯೊಳಗಿಂದ ಒಂದು ದನಿ ಬಂತು.

"ಏಯ್ ಸಾಬ್ರೆ! ಅಲ್ಲೇ ನಿಂತ್ಕಳಿ. ನೀವ್ ಬಿದ್ರೆ ನನ್ ತಲೆ ಮ್ಯಾಲೇ ಕಣ್ರಿ ಬೀಳಾದು!"

ಬಾವಿಯ ಹೂಳು ತೆಗೆಯಲು ಇಳಿದಿದ್ದ ಹೊಸಹೊಳಲಿನ ಕುಳ್ಳಯ್ಯ ಅವನು. ಹೆಸರು ಕುಳ್ಳಯ್ಯ, ಆಳು ಆರಡಿ. ಮೇಲೆ ಬಂದವನೇ ಮಹಡಿ ಹತ್ತಿ, ಅವನನ್ನು ಕಿಟಕಿಯೊಳಗೆ ಕರೆದು, ತನ್ನ ಒದ್ದೆ ಹಗ್ಗವನ್ನು ಬಾಬಾಜಾನನ ಸೊಂಟಕ್ಕೂ ತೊಡೆಗೂ ಸುತ್ತಿ ಒಂದು ಗಂಟು ಹಾಕಿದ. ಮೂರು ಸಲ ಎಳೆದು ನೋಡು ಎಂದ. ಆಮೇಲೆ ತಾರಸಿಗೆ ಹೋಗಿ, ಇನ್ನೊಂದು ತುದಿಯನ್ನು ಅಲ್ಲಿನ ಕಂಬಕ್ಕೆ ಬಿಗಿದು, ನಡುವಿನ ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ಕೂತ. ಅಲ್ಲಿಂದ ಬಾಬಾಜಾನ್ ಕಾಣುತ್ತಿರಲಿಲ್ಲ. ಅದಕ್ಕೆ ಆಗಾಗ ಕೂಗುತ್ತಿದ್ದ.

"ಬಾಬಾ?"

"ಇವ್ನಿ ಕಣಣ್ಣ."

ಅಲ್ಲಿಂದ ಪ್ರತಿ ವರ್ಷ ಬೇಸಿಗೆಗೆ ಮುಂಚೆ ಇದೇ ನಡೆಯಿತು. ಕೆಲಸ ಮುಗಿಯುವವರೆಗೆ ಕುಳ್ಳಯ್ಯ ಬೀಡಿ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಬಸ್‌ಸ್ಟಾಂಡಿನ ಹೋಟೆಲಿನಲ್ಲಿ ಟೀಗೆ ಬನ್ನು ಅದ್ದಿ ತಿನ್ನುತ್ತ, ಕಿಕ್ಕೇರಿಯಿಂದ ಬಿಂಡಿಗನವಿಲೆವರೆಗೆ ತಾನು ಇಳಿದ ಬಾವಿಗಳ ಕಥೆ ಹೇಳುತ್ತಿದ್ದ. ಯಾವುದರ ನೀರು ಸಿಹಿ, ಯಾವುದರ ಕಲ್ಲುಸಂದಿಯಲ್ಲಿ ಹಾವು, ಯಾವುದರ ತಳದಲ್ಲಿ ಯಾರ ಮನೆಯ ಕೊಡ. ಅವನ ಮಾತು ಕೇಳುತ್ತ ಬಾಬಾಜಾನ್ ಎಷ್ಟೋ ಸಲ ಪಾಂಡವಪುರದ ಬಸ್ಸು ತಪ್ಪಿಸಿಕೊಂಡಿದ್ದ. ಬಸ್ಸು ತಪ್ಪಿದ್ದಕ್ಕೆ ಒಂದು ದಿನವೂ ಬೇಸರವಾಗಿರಲಿಲ್ಲ.

ಮೂರನೇ ವರ್ಷ ಮಾತ್ರ ಒಂದು ತಪ್ಪು ಮಾಡಿದ. ಕೆಲಸ ಮುಗಿಸಿ ಕಿಟಕಿಯೊಳಗೆ ಬಂದಿದ್ದ. ಗಂಟು ತೊಡೆಗೆ ಒತ್ತುತ್ತಿತ್ತು. ಕುಳ್ಳಯ್ಯ ತಾರಸಿಯಿಂದ ಇಳಿದು ಬರುವ ತನಕ ಕಾಯಲಾರದೆ ತಾನೇ ಬಿಚ್ಚಿಕೊಂಡ. ಆಗ ಸ್ಕ್ರೂಡ್ರೈವರ್ ಸಜ್ಜಾದ ಮೇಲೇ ಉಳಿದದ್ದು ಕಾಣಿಸಿತು. ಒಂದೇ ಹೆಜ್ಜೆ ಅಲ್ಲವೇ ಎಂದು ಕಾಲಿಟ್ಟ. ಪಾಚಿ ಜಾರಿತು. ಏಸಿಯ ಕೆಳಗಿನ ಕಬ್ಬಿಣದ ಪಟ್ಟಿ ಕೈಗೆ ಸಿಕ್ಕಿತು, ಕಾಲು ಬಾವಿಯ ಮೇಲೆ ತೂಗಾಡಿತು. ಅವನ ಕಿರುಚಾಟ ಕೇಳಿ ಕುಳ್ಳಯ್ಯ ಹಗ್ಗ ಎಳೆದ. ಹಗ್ಗದ ತುದಿ ಬರಿದಾಗಿ ಮೇಲೆ ಬಂತು. ಆರಡಿ ಆಳು ಮೆಟ್ಟಿಲು ಹಾರಿ ಬಂದು, ಕಿಟಕಿಯಿಂದ ಬಗ್ಗಿ, ರಟ್ಟೆ ಹಿಡಿದು ಒಳಗೆಳೆದುಕೊಂಡ.

ಇಬ್ಬರೂ ಸ್ವಲ್ಪ ಹೊತ್ತು ನೆಲದ ಮೇಲೆ ಕೂತು ಏದುಸಿರು ಬಿಟ್ಟರು. ಕುಳ್ಳಯ್ಯ ಅಳುತ್ತಿದ್ದ.

"ಕಟ್ಟಿದೋನು ನಾನು. ಬಿಚ್ಚಾಕೆ ನೀನ್ಯಾರ್ಲಾ? ಬಾವಿ ಕೆಲ್ಸದಾಗೆ ಕಟ್ಟಿದೋನೇ ಬಿಚ್ಬೇಕು. ನೀನೇ ಬಿಚ್ಕಂಬುಟ್ರೆ, ಅಗ್ಗದಾಗೆ ನೀನಿಲ್ಲ ಅಂತ ಮ್ಯಾಲಿರಾ ನಂಗೆ ಎಂಗ್ಲಾ ಗೊತ್ತಾಯ್ತದೆ?"

ಆಮೇಲೆ ಬಾಬಾಜಾನ್ ಆ ಗಂಟಿಗೆ ಕೈ ಹಚ್ಚಲಿಲ್ಲ.

ಈಗ ಕಡೇ ಸಲ. ಬಾಬಾಜಾನ್ ಬೆಳಗ್ಗೆ ಹೊಸಹೊಳಲಿಗೆ ಹೋಗಿ ಕುಳ್ಳಯ್ಯನನ್ನು ಕರೆತಂದ. ಆರಡಿ ಆಳು ಬಾಗಿಹೋಗಿದ್ದ. ಕಣ್ಣು ಮಂಜು, ಬೆರಳು ನಡುಕ. ತಾರಸಿ ಹತ್ತಲಾಗಲಿಲ್ಲ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಟ್ಟರು. ಹೊಸ ಹಗ್ಗದ ತುದಿಯನ್ನು ಮೇಲಿನ ಕಂಬಕ್ಕೆ ಬಾಬಾಜಾನ್ ತಾನೇ ಬಿಗಿದು ಬಂದ. ಅಲ್ಲಿ ಹಿಡಿಯಲು ಇಬ್ಬರು ಅಟೆಂಡರುಗಳು ನಿಂತರು. ಒಳಗೆ ಟೈಲ್ಸ್ ಒಡೆದಾಗಿತ್ತು. ಹೊರಗಿನ ಪಟ್ಟಿಯ ನಾಲ್ಕು ಬೋಲ್ಟು ಬಿಚ್ಚಿದರೆ ಯಂತ್ರವನ್ನು ಒಳಗೆಳೆದುಕೊಳ್ಳಬಹುದು.

ಕುಳ್ಳಯ್ಯ ಗಂಟು ಹಾಕತೊಡಗಿದ. ಬೆರಳು ಎರಡು ಸಲ ತಪ್ಪಿತು. ಬಾಬಾಜಾನ್ ಆ ಬೆರಳುಗಳನ್ನೇ ನೋಡುತ್ತಿದ್ದ. ಈ ಗಂಟನ್ನು ತಾನು ಇನ್ನೊಮ್ಮೆ ಬಿಗಿದರೆ ಮುದುಕನ ಮರ್ಯಾದೆ ಹೋಗುತ್ತದೆ. ಬಿಗಿಯದಿದ್ದರೆ ಕೆಳಗೆ ಬಾವಿ ಇದೆ, ಮನೆಯಲ್ಲಿ ಅಸ್ಗರಿ ಇದ್ದಾಳೆ.

"ಮೂರ್ ಸಲ ಎಳ್ದು ನೋಡ್ಲಾ," ಎಂದ ಕುಳ್ಳಯ್ಯ. "ನಾಚ್ಕಬೇಡ, ಜೋರಾಗೆಳಿ."

ಎಳೆದ. ಗಂಟು ಅಲುಗಲಿಲ್ಲ. ತಾನು ಇನ್ನೊಮ್ಮೆ ಬಿಗಿಯದೆ ಹೊರಗಿಳಿದ.

ನಾಲ್ಕನೆಯ ಬೋಲ್ಟು ಸಡಿಲವಾಗುವಾಗ ಪಾಚಿ ಮತ್ತೆ ಜಾರಿತು. ಕಾಲು ತಪ್ಪಿ ಪೂರಾ ಹಗ್ಗದ ಮೇಲೆ ಬಿದ್ದ. ತೊಡೆಯನ್ನು ಕಚ್ಚಿ ಹಿಡಿದ ಗಂಟು ಅವನನ್ನು ಗಾಳಿಯಲ್ಲಿ ನಿಲ್ಲಿಸಿತು. ಸಜ್ಜಾ ಹಿಡಿದು, ಕಾಲೂರಿ, ಆ ಬೋಲ್ಟನ್ನೂ ಬಿಚ್ಚಿ, ಮತ್ತೆ ಕಿಟಕಿಗೆ ಬಂದಾಗ ಮೈಯೆಲ್ಲ ಬೆವರು.

ಒಳಗೆ ಬಂದು ಕುಳ್ಳಯ್ಯನ ಎದುರು ನಿಂತ. ಕುಳ್ಳಯ್ಯ ಬಿಚ್ಚಲು ಕೂತ. ಭಾರ ಬಿದ್ದ ಗಂಟು ಕಲ್ಲಾಗಿತ್ತು. ನಡುಗುವ ಬೆರಳು ಸಂದು ಹುಡುಕುತ್ತಿತ್ತು, ಜಾರುತ್ತಿತ್ತು, ಮತ್ತೆ ಹುಡುಕುತ್ತಿತ್ತು. ಕಾಲು ಗಂಟೆ ಕಳೆಯಿತು. ಡಾಕ್ಟರ್ ಹೇಮಶ್ರೀ ಕತ್ತರಿ ತಂದು, "ಕತ್ತರಿಸಿಬಿಡಿ, ಪಾಪ, ಎಷ್ಟು ಹೊತ್ತು?" ಎಂದರು.

"ಬೇಡ ಮೇಡಂ," ಎಂದ ಬಾಬಾಜಾನ್.

ಕುಳ್ಳಯ್ಯ ಕೈ ಚೆಲ್ಲಿದ. "ನನ್ ಕೈಲಾಗಾಕಿಲ್ಲ ಕಣ್ಲಾ. ನೀನೇ ಬಿಚ್ಕಂಬುಡು."

"ಕಟ್ಟಿದೋನು ನೀನಲ್ವಾ ಅಣ್ಣ? ನಾನ್ ಎಲ್ಲೂ ಓಗಾಕಿಲ್ಲ. ನಿಧಾನಕ್ಕೆ ಬಿಚ್ಚು."

ಮುದುಕ ಮತ್ತೆ ತಲೆ ಬಗ್ಗಿಸಿದ. ಬಸ್‌ಸ್ಟಾಂಡಿನ ಕಡೆಯಿಂದ ಪಾಂಡವಪುರದ ಬಸ್ಸಿನ ಹಾರ್ನ್ ಕೇಳಿಸಿ, ದೂರವಾಯಿತು. ಬಾಬಾಜಾನನಿಗೆ ಆ ಗಂಟು ಬೇಗ ಬಿಚ್ಚದಿದ್ದರೇ ಚೆಂದ ಅನಿಸಿತು. ಇನ್ನು ಅದನ್ನು ಕಟ್ಟುವ ಕೆಲಸವೇ ಇರಲಿಲ್ಲ.

ಹಗ್ಗದ ಮೇಲೆ ಬೆರಳಾಡಿಸುತ್ತಿದ್ದ ಕುಳ್ಳಯ್ಯ, ಮಾರುದೂರವೂ ಇಲ್ಲದ ಮನುಷ್ಯನನ್ನು ಹಳೇ ಅಭ್ಯಾಸದಂತೆ ಕೂಗಿದ.

"ಬಾಬಾ?"

"ಇವ್ನಿ ಕಣಣ್ಣ," ಎಂದ ಬಾಬಾಜಾನ್.