ಮುಖದ ಕಳೆ

"ಬೆಳ್ಳಿ ಬೇಡ ಅಂದ್ರೆ ಬೇಡ. ಎಲ್ಲಿ, ನೀನೇ ನೋಡು," ಎನ್ನುತ್ತಾ ಬ್ಯೂಟಿ ಪಾರ್ಲರಿನ ಕಳೆ ಅಕ್ಕ ಮೇಕಪ್ಪಿಗೆ ಬಂದ ಹುಡುಗಿಯ ಗಲ್ಲ ಹಿಡಿದು ಕನ್ನಡಿಯ ಕಡೆ ತಿರುಗಿಸಿದಳು. "ಎಡಗೆನ್ನೆಗೆ ನೀನು ಕೇಳಿದ್ದು, ಬಲಗೆನ್ನೆಗೆ ನಾನು ಹೇಳಿದ್ದು."

ಹುಡುಗಿ ನೋಡಿಕೊಂಡಳು. ಫೋನಿನಲ್ಲಿ ಯಾರೋ ಹಾಲುಬಣ್ಣದವಳು ಹಚ್ಚಿಕೊಂಡು ಮಿಂಚಿದ್ದ ಬೆಳ್ಳಿ ಬಣ್ಣದ ಹೈಲೈಟರ್ ಪುಡಿ ಇವಳ ಕಪ್ಪು ಕೆನ್ನೆಯ ಮೇಲೆ ಬೇರೆಯಾಗಿಯೇ ಕೂತಿತ್ತು. ಬಲಗಡೆ ಹಚ್ಚಿದ ತಾಮ್ರದ ಬಣ್ಣದ ಪುಡಿ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಮುಖ ಅಲ್ಲಾಡಿಸಿದಾಗ ಮಾತ್ರ ಕೆನ್ನೆಯ ಮೇಲೆ ಬೆಳಕು ಹರಿದು ಹೋಗುತ್ತಿತ್ತು.

"ಅಯ್ಯೋ, ಎಡಗಡೆ ಬೂದಿಗುಡ್ಡೆಗೆ ಬಿದ್ದು ಎದ್ದು ಬಂದ ಹಾಗಿದೆ!"

"ನಾನು ಹೇಳಿದ್ರೆ ಬೈದ ಹಾಗಾಗುತ್ತೆ ಅಂತ ಸುಮ್ನಿದ್ದೆ."

ಸುಮ್ಮನಿದ್ದಳಂತೆ! ಕಳೆ ಅಕ್ಕ ಸುಮ್ಮನಿದ್ದದ್ದನ್ನು ಆ ಬೀದಿಯಲ್ಲಿ ಕಂಡವರೇ ಇಲ್ಲ. "ಬಣ್ಣ ಯಾರು ಬೇಕಾದ್ರೂ ಬಳೀತಾರೆ, ಮುಖಕ್ಕೆ ಕಳೆ ಬರಬೇಕು" ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿಯೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಒಬ್ಬ "ತೋಟದ ಕಳೆ ಕೀಳೋರ ಮನೆ ಇದೇನಾ?" ಎಂದು ಕೇಳಿ ಚೆನ್ನಾಗಿ ಉಗಿಸಿಕೊಂಡು ಹೋಗಿದ್ದ. ಕಪ್ಪು ಬಣ್ಣಕ್ಕೆ ತಾಮ್ರ, ಗೋಧಿಬಣ್ಣಕ್ಕೆ ಚಿನ್ನ, ಬಿಳಿಚರ್ಮಕ್ಕೆ ಮುತ್ತಿನ ಬಣ್ಣ, ಕೆಂಪು ಬೆರೆತ ಬಣ್ಣದವರಿಗೆ ಗುಲಾಬಿ. ಬಂದವರ ಕತ್ತಿನ ಬಣ್ಣವನ್ನೊಮ್ಮೆ ನೋಡಿದರೆ ಸಾಕು, ಅವಳ ಕೈ ತಾನಾಗಿಯೇ ಸರಿಯಾದ ಡಬ್ಬಿಗೆ ಹೋಗುತ್ತಿತ್ತು.

ಹುಡುಗಿ ಎರಡೂ ಕೆನ್ನೆಗೆ ತಾಮ್ರ ಹಚ್ಚಿಸಿಕೊಂಡು ಹೋದ ಮೇಲೆ ತಂಗಿ ಬಂದಳು. ತಲೆಗೂ ಮುಖಕ್ಕೂ ಸೇರಿಸಿ ಸ್ಕಾರ್ಫ್ ಸುತ್ತಿಕೊಂಡಿದ್ದಳು.

"ಬಂದ್ರಾ ಮಹಾರಾಣಿಯವರು! ಫೋನ್ ಎತ್ತೋಕೂ ಕೈ ನೋಯುತ್ತೇನೇ ನಿಂಗೆ? ಒಂದು ತಿಂಗಳಿಂದ ಮುಖ ಇಲ್ಲ, ಮಾತಿಲ್ಲ. ಅಮ್ಮ ಊರಲ್ಲಿ ಒಂದೇ ಸಮನೆ ಜಪ ಮಾಡ್ತಾಳೆ, ಚಿಕ್ಕೋಳು ಯಾಕೆ ಬರ್ತಿಲ್ಲ, ಚಿಕ್ಕೋಳು ಯಾಕೆ ಬರ್ತಿಲ್ಲ ಅಂತ."

"ಇವತ್ತು ಅವಳೇ ಬರ್ತಾಳಂತಲ್ಲ, ಸಂಜೆ ಬಸ್ಸಿಗೆ. ಅದಕ್ಕೇ ಬಂದೆ. ಅವಳು ಬರೋದ್ರೊಳಗೆ ನಂಗೆ ಸ್ವಲ್ಪ ಮುಖ ಮಾಡಿಕೊಡು ಅಕ್ಕ."

"ಅಮ್ಮನ ಮುಂದೆ ನಿಲ್ಲೋಕೆ ಮೇಕಪ್ಪಾ? ಸರಿ ಹೋಯ್ತು!" ಎಂದು ಕಳೆ ಅಕ್ಕ ನಕ್ಕಳು. ಆದರೂ ಕುರ್ಚಿ ತಿರುಗಿಸಿದಳು. ತಂಗಿ ಸ್ಕಾರ್ಫ್ ಬಿಚ್ಚಿ ಕಣ್ಣು ಮುಚ್ಚಿ ಕೂತಳು. ಕಳೆ ಅಕ್ಕ ಬಟ್ಟೆಗೆ ಬಣ್ಣ ತಾಗದಂತೆ ಅವಳ ಕತ್ತಿಗೆ ಟವೆಲ್ ಸುತ್ತಿ, ಮಾತಾಡುತ್ತಲೇ ಚಿನ್ನದ ಡಬ್ಬಿ ತೆಗೆದಳು. ತಂಗಿಗೆ ಬಣ್ಣ ನೋಡಿ ಆರಿಸುವ ಗೋಜೇ ಇರಲಿಲ್ಲ. ಮೀಸೆ ಬರೆಸಿಕೊಂಡು ಶಾಲೆಯ ನಾಟಕದಲ್ಲಿ ರಾಜನಾಗಿದ್ದ ಕಾಲದಿಂದಲೂ ಆ ಮುಖ ಅಕ್ಕನ ಕೈಯಲ್ಲೇ ಪಳಗಿದ್ದು.

ಬ್ರಶ್ ಕೆನ್ನೆಯ ಮೇಲೆ ಹೋಗಿ ಬಂತು. ಕಳೆ ಅಕ್ಕ ಹಿಂದೆ ಸರಿದು ನೋಡಿದಳು. ಹೊಂದಲಿಲ್ಲ. ಚಿನ್ನ ಚಿನ್ನದ ಹಾಗೆ ಕಾಣದೆ, ಹಳೇ ಗೋಡೆಯ ಸುಣ್ಣದ ಹಾಗೆ ಮಂಕಾಗಿ ಕೂತಿತ್ತು.

"ಇದೇನಿದು! ಡಬ್ಬಿ ಕೆಟ್ಟಿದೆಯೋ ಏನೋ," ಎಂದು ಒರೆಸಿದಳು. ಬೇರೆ ಬ್ರಶ್ ತೆಗೆದು ಇನ್ನೊಮ್ಮೆ ಹಚ್ಚಿದಳು. ಅದೇ ಕಥೆ. ಕನ್ನಡಿಯ ಮೇಲಿನ ದೀಪದ ಕಡೆ ಕಣ್ಣು ಕೆಂಪಗೆ ಮಾಡಿದಳು. "ಆ ವೈರಿಂಗಿನವನ ಕೆಲಸ ಇದು. ಬಿಳಿ ದೀಪ ಹಾಕೋ ಅಂದ್ರೆ ಪಕ್ಕದಲ್ಲೊಂದು ಹಳದಿ ಬಲ್ಬ್ ಕೂರಿಸಿ ಹೋದ. ಮುಖ ನೋಡೋ ಜಾಗದಲ್ಲಿ ಯಾರಾದ್ರೂ ಹಳದಿ ಹಾಕ್ತಾರಾ? ಸಿಗಲಿ ಅವನು, ಗ್ರಹಚಾರ ಬಿಡಿಸ್ತೀನಿ." ಆರಿಸಲು ಸ್ವಿಚ್ಚಿಗೆ ಕೈ ಹಾಕಿದರೆ ಹಳದಿ ಬಲ್ಬ್ ಉರಿಯುತ್ತಲೇ ಇರಲಿಲ್ಲ.

ಆಗಲಾದರೂ ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಣ್ಣದ ಕೆಲಸದವರು ಮೊದಲು ಡಬ್ಬಿಯನ್ನು ಬೈಯುತ್ತಾರೆ, ಆಮೇಲೆ ದೀಪವನ್ನು. ತಂಗಿಯನ್ನು ಕುರ್ಚಿ ಸಮೇತ ದರದರ ಕಿಟಕಿಯ ಹತ್ತಿರ ಎಳೆದು, "ಹಗಲು ಬೆಳಕಲ್ಲಿ ನೋಡೋಣ, ಎತ್ತು ಮುಖ," ಎಂದಳು.

ತಂಗಿ ಮುಖವೆತ್ತಿ ಕಣ್ಣು ಬಿಟ್ಟಳು.

"ಬಲ್ಬಿನ ತಪ್ಪಲ್ಲ ಅಕ್ಕ," ಎಂದಳು. "ನಂದೇ ಬಣ್ಣ."

ಕಣ್ಣಿನ ಬಿಳಿ ಹಳದಿಯಾಗಿತ್ತು. ಕಳೆ ಅಕ್ಕನ ಕೈಯಿಂದ ಬ್ರಶ್ ಜಾರಿತು. ಅಪ್ಪ ಹೋದದ್ದೂ ಹೀಗೇ ಹಳದಿ ತಿರುಗಿ. ಅಪ್ಪನ ಕಣ್ಣಲ್ಲಿ ಅದನ್ನು ಮೊದಲು ಕಂಡವಳು ಅಮ್ಮ. ಅಂದಿನಿಂದ ಯಾರು ಎದುರಿಗೆ ಬಂದರೂ "ಕಣ್ಣು ತೋರಿಸು" ಎಂದು ಕೆಳರೆಪ್ಪೆ ಎಳೆದು ನೋಡಿಯೇ ಅಮ್ಮ ಮುಂದಿನ ಮಾತಾಡುವುದು. ನೆಂಟರಿಷ್ಟರೆಲ್ಲ ಅದನ್ನು ಆಡಿಕೊಂಡು ನಗುತ್ತಿದ್ದರು.

"ಆಸ್ಪತ್ರೆಗೆ ನಡಿ. ಈಗಲೇ ನಡಿ."

"ಹೋಗಿ ಬಂದಾಯ್ತು. ಎರಡು ಕಡೆ ತೋರಿಸಿದ್ವಿ. ಹೊಟ್ಟೆಯೊಳಗೆ ಗಡ್ಡೆ. ಕತ್ತರಿಸಿ ತೆಗೆಯೋ ಜಾಗ ಅಲ್ಲವಂತೆ. ನೋವಿಗೆ ಮಾತ್ರೆ ಕೊಟ್ಟಿದ್ದಾರೆ, ಅಷ್ಟೇ."

"ಅಷ್ಟೇ ಅಂದ್ರೆ?"

"ಅಷ್ಟೇ ಅಂದ್ರೆ ಅಷ್ಟೇ ಅಕ್ಕ. ನಮ್ಮ ಮನೆಯವರಿಗೆ ಗೊತ್ತು. ಈಗ ನಿಂಗೆ."

ಕಳೆ ಅಕ್ಕನಿಗೆ ಕೂಗಬೇಕು ಅನ್ನಿಸಿತು. ಯಾರನ್ನಾದರೂ ಹಿಡಿದು ಬೈಯಬೇಕು ಅನ್ನಿಸಿತು. ಬೈಯುವುದಕ್ಕೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನೆಲಕ್ಕೆ ಬಿದ್ದ ಬ್ರಶ್ ಎತ್ತಿಕೊಂಡು, ಅದಕ್ಕಂಟಿದ ಕೂದಲನ್ನು ಒಂದೊಂದಾಗಿ ಬಿಡಿಸುತ್ತಾ ನಿಂತಳು.

"ಅಮ್ಮನಿಗೆ ಹೇಳದೆ ಹೇಗೇ ಇರೋದು?" ಎಂದಳು ಕೊನೆಗೆ.

"ಹೇಳೋಣ. ಇವತ್ತು ಬೇಡ. ಇವತ್ತು ಹೇಳಿದ್ರೆ ಅವಳು ಅಳ್ತಾಳೆ, ನಾನು ಅವಳನ್ನ ಸಮಾಧಾನ ಮಾಡ್ತಾ ಕೂರಬೇಕು. ಅದಕ್ಕೆ ನನ್ನ ಹತ್ರ ಶಕ್ತಿ ಇಲ್ಲ ಕಣೇ. ಒಂದು ಸಂಜೆ ಸುಮ್ಮನೆ ಅವಳ ಮಗಳ ಹಾಗೆ ಕೂರ್ತೀನಿ. ಬೈಸ್ಕೊಳ್ತೀನಿ, ನಗ್ತೀನಿ. ಅಷ್ಟು ಮಾಡಿಕೊಡು."

ಕಳೆ ಅಕ್ಕ ಚಿನ್ನದ ಡಬ್ಬಿಯನ್ನು ಮುಚ್ಚಿ ಆಚೆ ತಳ್ಳಿದಳು. ಹಳದಿಯ ಮೇಲೆ ಚಿನ್ನ ಹಚ್ಚಿದರೆ ಇನ್ನಷ್ಟು ಹಳದಿ. ಮುತ್ತಿನ ಬಣ್ಣ ಹಚ್ಚಿದರೆ... ಛೆ, ಆ ಮುಖ ನೆನೆಯುವುದೂ ಬೇಡ. ಹಳದಿಯನ್ನು ಅಡಗಿಸುವ ತಿಳಿ ನೇರಳೆ ಪುಡಿಯನ್ನು ಮುಖಕ್ಕೂ ಕತ್ತಿಗೂ ಕಿವಿಯ ಹಿಂದಕ್ಕೂ ಮೊದಲು ತಟ್ಟಿದಳು. ಅದರ ಮೇಲೆ ಅವಳ ಹಿಂದಿನ ಗೋಧಿಬಣ್ಣವನ್ನು ನೆನಪಿನಿಂದಲೇ ಕಲಸಿ ಹಚ್ಚಿದಳು. ಆಮೇಲೆ ಗುಲಾಬಿ ಹೈಲೈಟರ್. ಎಲ್ಲರಿಗೂ ಹಚ್ಚುವುದು ಕೆನ್ನೆಯ ಮೂಳೆಯ ಮೇಲೆ. ಇವಳ ಮೂಳೆ ಆಗಲೇ ಎದ್ದು ಕಾಣುತ್ತಿತ್ತು. ಅದಕ್ಕೇ ಕೆಳಗೆ, ಕೆನ್ನೆ ಒಳಗೆ ಹೋದ ಕಡೆ ಹಚ್ಚಿದಳು. ಬೆಳಕು ಬಿದ್ದ ಜಾಗ ತುಂಬಿಕೊಂಡಂತೆ ಕಾಣುತ್ತದೆ. ಕಣ್ಣಿನ ಬಿಳಿ ಬೆಳ್ಳಗೆ ಕಾಣಲೆಂದು ಗಾಢ ನೀಲಿ ಕಾಡಿಗೆ ಎಳೆದಳು. ಕೈಗಳ ಹಿಂಬದಿಯನ್ನೂ ಬಿಡಲಿಲ್ಲ. ಬ್ರಶ್ ಆಡುವಷ್ಟು ಹೊತ್ತೂ ತಂಗಿ ಕಣ್ಣು ಮುಚ್ಚಿಕೊಂಡಿದ್ದಳು.

ಕೊನೆಗೆ ಕಳೆ ಅಕ್ಕ ಕುರ್ಚಿಯನ್ನು ಮತ್ತೆ ಕನ್ನಡಿಯ ಮುಂದಕ್ಕೆ ತಂದು, ಕಿಟಕಿಯ ಪರದೆ ಎಳೆದು, ಬಿಳಿ ದೀಪ ಆರಿಸಿ ಹಳದಿ ಬಲ್ಬ್ ಹಾಕಿದಳು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಒಂದೇ ಬಣ್ಣಕ್ಕೆ ತಿರುಗಿದವು.

"ಬದುಕಲಿ ಬಿಡು ಆ ವೈರಿಂಗಿನವನು," ಎಂದಳು ತಂಗಿ. ಇಬ್ಬರಿಗೂ ನಗು ಬಂತು. ಅಂಥ ಹೊತ್ತಲ್ಲೂ ನಗು ಬರುತ್ತದಲ್ಲ!

ಅಮ್ಮ ಏದುಸಿರು ಬಿಡುತ್ತಾ, ಕಂಡಕ್ಟರನನ್ನು ಬೈಯುತ್ತಲೇ ಒಳಗೆ ಬಂದಳು. ಚೀಲವನ್ನು ಬೆಂಚಿನ ಮೇಲೆ ಕುಕ್ಕಿ ಸೀದಾ ಚಿಕ್ಕಮಗಳ ಹತ್ತಿರ ಹೋದಳು. "ಎಲ್ಲಿ, ಕಣ್ಣು ತೋರಿಸು."

"ಮುಟ್ಟಬೇಡ ಅಮ್ಮ, ಕಾಡಿಗೆ ಹಾಕಿದ್ದೀನಿ, ಎಲ್ಲಾ ಅಳಿಸಿಬಿಡ್ತೀಯ!" ಎಂದು ಕಳೆ ಅಕ್ಕ ನಡುವೆ ಬಂದಳು.

ಅಮ್ಮ ಮುಟ್ಟದೆಯೇ ಬಗ್ಗಿ ನೋಡಿದಳು. ಅಮ್ಮ ನಿಧಾನಕ್ಕೆ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಎಷ್ಟು ಕಳೆಕಳೆಯಾಗಿದ್ದೀಯೇ! ನಾನೊಬ್ಬಳು ಹುಚ್ಚಿ, ಇಲ್ಲದ್ದೆಲ್ಲ ನೆನೆಸ್ಕೊಂಡು ರಾತ್ರಿಯೆಲ್ಲ ನಿದ್ದೆ ಕೆಡಿಸ್ಕೊಂಡೆ," ಎಂದು ಮಗಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಹಿಡಿದ ಕೈಯಲ್ಲಿ ಉಂಗುರ ಗಿರ್ರನೆ ತಿರುಗಿತು. "ಇದ್ಯಾಕೇ ಇಷ್ಟು ಸಡಿಲ?"

"ಸಣ್ಣ ಆಗ್ತಿದ್ದೀನಮ್ಮ. ಸಿಹಿ ಬಿಟ್ಟಿದ್ದೀನಿ."

ಅಮ್ಮನಿಗೆ ಏನನ್ನೇ ಆಗಲಿ ಬಾಗಿಲ ಬೆಳಕಿಗೆ ಹಿಡಿದು ನೋಡಿದರೇನೇ ಸಮಾಧಾನ. ಮಗಳನ್ನು ಎರಡು ಹೆಜ್ಜೆ ಬಾಗಿಲಿಗೆ ಎಳೆದು, ಉಂಗುರ ಎಷ್ಟು ಸಡಿಲವೆಂದು ನೋಡಲು ಕೈಯನ್ನು ಅಂಗಾತ ಮಾಡಿದಳು.

ಅಂಗೈಗೆ ಯಾರು ಬಣ್ಣ ಹಚ್ಚುತ್ತಾರೆ? ಇಷ್ಟು ವರ್ಷದಲ್ಲಿ ಕಳೆ ಅಕ್ಕ ಒಬ್ಬರಿಗೂ ಹಚ್ಚಿರಲಿಲ್ಲ, ಹಚ್ಚಬೇಕೆಂದು ಹೊಳೆದೂ ಇರಲಿಲ್ಲ. ಸಂಜೆಯ ಬೆಳಕಿನಲ್ಲಿ ಆ ಅಂಗೈ, ಅದರ ಗೆರೆಗಳ ಸಮೇತ, ಹಳದಿಯಾಗಿತ್ತು.

ಅಮ್ಮ ನೋಡಿದಳು. ರಸ್ತೆಯಲ್ಲಿ ಒಂದು ಬಸ್ಸು ಹಾದು ಹೋಯಿತು, ಅದರ ಹಿಂದೆ ಇನ್ನೊಂದು. ತಂಗಿ ಏನೂ ಅರಿಯದವಳಂತೆ ನಗುಮುಖ ಮಾಡಿಕೊಂಡೇ ನಿಂತಿದ್ದಳು. ಏನಾದರೂ ಮಾತಾಡಬೇಕು, ಏನಾದರೂ ತಮಾಷೆ ಮಾಡಬೇಕು ಎಂದು ಕಳೆ ಅಕ್ಕ ತಡಕಾಡಿದಳು.

ಅಮ್ಮ ಆ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿದಳು.

"ಸಿಹಿ ಬಿಟ್ಟಿದ್ದು ಒಳ್ಳೇದೇ ಆಯ್ತು," ಎಂದಳು. ಆಮೇಲೆ ಆ ಮುಷ್ಟಿಯನ್ನು ಹಿಡಿದುಕೊಂಡೇ ಬಂದು ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತಳು. "ಏ ದೊಡ್ಡೋಳೇ, ಇವಳಿಗೆ ಏನೋ ಹಚ್ಚಿದ್ದೀಯಲ್ಲ, ಅದನ್ನ ನಂಗೂ ಹಚ್ಚು."

"ನಿಂಗ್ಯಾಕಮ್ಮ ಈ ವಯಸ್ಸಲ್ಲಿ ಇದೆಲ್ಲ?" ಎಂದು ತಂಗಿ ನಕ್ಕಳು.

"ಹಚ್ಚಲಿ ಬಿಡು. ನಾನೂ ಸ್ವಲ್ಪ ಚೆನ್ನಾಗಿ ಕಾಣ್ತೀನಿ."

ಅಮ್ಮ ಕಣ್ಣು ಮುಚ್ಚಿದಳು. ಸುಕ್ಕಿನ ಕೆನ್ನೆಗೆ ಮಿಣುಕು ಕೂಡದು, ನಯವಾದ ಪುಡಿಯೇ ಆಗಬೇಕು. ಕಳೆ ಅಕ್ಕ ಅಂಥದ್ದೊಂದನ್ನು ಹುಡುಕಿ ತೆಗೆದು ಬ್ರಶ್ ಅದ್ದಿದಳು. ಹಚ್ಚಿದ್ದು ಹಚ್ಚಿದ ಹಾಗೇ ಕೆನ್ನೆಯ ಮೇಲೆ ಒದ್ದೆಯಾಗಿ ಇಳಿದು ಹೋಗುತ್ತಿತ್ತು. ಅವಳು ಟವೆಲ್ಲಿನ ಅಂಚಿನಿಂದ ಒತ್ತಿ ಒರೆಸಿ ಮತ್ತೆ ಹಚ್ಚಿದಳು.

"ಆಯ್ತೇನೇ?" ಎಂದಳು ಅಮ್ಮ ಕಣ್ಣು ಬಿಡದೆ.

"ಇನ್ನೂ ಇಲ್ಲಮ್ಮ. ಅಲ್ಲಾಡಬೇಡ."

ಅಮ್ಮ ಅಲ್ಲಾಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಚಿಕ್ಕಮಗಳ ಮುಷ್ಟಿಯನ್ನು ಮಡಿಲಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದುಕೊಂಡು ಕೂತೇ ಇದ್ದಳು.