ಮನೆ ಯಾವುದು, ತಾಯಿ ಯಾರು

೧೯೮೭ರಲ್ಲಿ ಕಾರ್ಕಳದ ಒಂದು ಖಾಸಗಿ ಆಸ್ಪತ್ರೆ ಕಂಪ್ಯೂಟರಿಗೆ ತಯಾರಾಗಿದೆಯೇ ಎಂದು ನೋಡಲು ಮಣಿಪಾಲದಿಂದ ಹಯಗ್ರೀವ ರಾಯರು ಬಂದರು. ಕೈಯಲ್ಲಿ ನೂರು ಅಂಕದ ಫಾರ್ಮು. ಅರುವತ್ತು ಬಂದರೆ ರೆಕಾರ್ಡ್ ರೂಮಿಗೆ ಕಂಪ್ಯೂಟರ್ ಬರುತ್ತದೆ, ಬಾರದಿದ್ದರೆ ಆ ಕೋಣೆಯನ್ನು ಹದಿನಾರು ವರ್ಷ ನೋಡಿಕೊಂಡ ಮನೋರಮಾ ಶೆಡ್ತಿ ಚೀಟಿ ಬರೆಯುವ ಕೌಂಟರಿಗೆ ಹೋಗಬೇಕು. ಆಡಳಿತದವರು ಇದನ್ನು ಮುಖಕ್ಕೆ ಹೇಳಿಯೂ ಆಗಿತ್ತು. ಹತ್ತನೇ ಕ್ಲಾಸು ಓದಿದವಳು ಜೋಡಿಸಿದ್ದು ಯಂತ್ರಕ್ಕೆ ಒಗ್ಗದಿದ್ದರೆ ಅವಳಿಗೆ ಆ ಕೋಣೆ ಯಾಕೆ ಎಂಬುದು ಅವರ ವಾದ.

ರಾಯರು ಡ್ರಾಯರು ಎಳೆದು ಕಾರ್ಡುಗಳನ್ನು ನೋಡಿ ಹುಬ್ಬುಗಂಟು ಹಾಕಿದರು. ತಂದೆಯ ಹೆಸರೇ ಇಲ್ಲ. ಎಲ್ಲವೂ ಮನೆಯ ಹೆಸರು, ತಾಯಿಯ ಹೆಸರಿನ ಪ್ರಕಾರ ಜೋಡಿಸಿದ್ದು. ಅವರ ಫಾರ್ಮಿನಲ್ಲಿ ಇದ್ದದ್ದು ತಂದೆಯ ಕಾಲಂ ಒಂದೇ. ಕಾರ್ಡು ಜೋಡಣೆಗೆ ಇಪ್ಪತ್ತರಲ್ಲಿ ಸೊನ್ನೆ ಹಾಕಿಬಿಟ್ಟರು. ಮನೋರಮಾಳಿಗೆ ಮೈಯೆಲ್ಲ ಉರಿಯಿತು. ಅವರು ಎಳೆದಿದ್ದ ಡ್ರಾಯರನ್ನು ದೂಡಿ ಮುಚ್ಚಿದಳು.

ಅಷ್ಟರಲ್ಲಿ ವಾರ್ಡಿನಿಂದ ಸಿಸ್ಟರ್ ಮ್ಯಾಗ್ಡಲಿನ್ ಚೀಟಿ ಹಿಡಿದು ಬಂದರು. ಕಾಲಿನ ಗಾಯ ಕೀವಾಗಿ ಜ್ವರ ಬಂದವನೊಬ್ಬನಿಗೆ ಡಾಕ್ಟರು ಪೆನಿಸಿಲಿನ್ ಬರೆದಿದ್ದಾರೆ, ಹಳೆ ಫೈಲು ಉಂಟೋ ನೋಡಬೇಕಂತೆ. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಅಣ್ಣು, ಊರು ಅಜೆಕಾರು, ತಂದೆ ಶೇಖರ.

ಒಳರೋಗಿಗಳ ದೊಡ್ಡ ರಿಜಿಸ್ಟರಿನಲ್ಲಿ ಮಾತ್ರ ತಂದೆಯ ಹೆಸರು ಬರೆಯುತ್ತಿದ್ದರು. ರಾಯರೇ ಅದನ್ನು ತಿರುವಿ ಹಾಕಿದರು. ಶೇಖರನ ಮಗ ಅಣ್ಣು ಎಲ್ಲೂ ಇಲ್ಲ. ಹೊಸ ರೋಗಿ, ಹೊಸ ಫೈಲು ಮಾಡಿ ಎಂದು ಕೈ ಝಾಡಿಸಿಕೊಂಡರು.

ಮನೋರಮಾ ಎದ್ದು ನೇರ ವಾರ್ಡಿಗೆ ನಡೆದಳು. ರಾಯರೂ ಹಿಂದೆಯೇ ಬಂದರು.

"ಅಣ್ಣು, ನಿಮ್ಮ ಮನೆ ಯಾವುದು? ತಾಯಿ ಯಾರು?"

"ತೆಂಕುಮನೆ. ತಾಯಿ ರತ್ನಾವತಿ."

"ಶೇಖರ ಯಾರು?"

"ಮಾವ, ತಾಯಿಯ ಅಣ್ಣ. ನಮ್ಮದು ಅಳಿಯಸಂತಾನ ಅಲ್ವಾ? ಯಜಮಾನರ ಹೆಸರು ಬರೆಸಿದೆ."

ಮನೆತನ ತಾಯಿಯಿಂದ ಸಾಗುವ, ಮಾವನೇ ಯಜಮಾನನಾಗುವ ಈ ಕಡೆಯ ಅರ್ಧ ಜನ ಮಾಡುವುದೇ ಹೀಗೆ. ಒಮ್ಮೆ ತಂದೆ, ಒಮ್ಮೆ ಮಾವ, ಕಾಗದದ ಮೇಲೆ ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ. ತಾಯಿ ಮತ್ತು ಮನೆ ಮಾತ್ರ ಬದಲಾಗುವುದಿಲ್ಲ. ಮನೋರಮಾ ವಾಪಸು ಬಂದು ತೆಂಕುಮನೆಯ ಕಾರ್ಡು ತೆಗೆದಳು, ಕಪಾಟಿನಿಂದ ಫೈಲು ಎಳೆದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಮೇಲುಗಡೆ ಅವಳದೇ ಕೈಬರಹ, ಕೆಂಪು ಶಾಯಿ: ಪೆನಿಸಿಲಿನ್ ಕೊಡಬಾರದು. ೧೯೭೯ರಲ್ಲಿ ಉಸಿರು ಕಟ್ಟಿತ್ತು.

ಸಿಸ್ಟರ್ ಫೈಲು ಕಸಿದುಕೊಂಡು ವಾರ್ಡಿಗೆ ಓಡಿದರು. ಡಾಕ್ಟರು ಮದ್ದು ಬದಲಿಸಿದರು.

ರಾಯರು ಮತ್ತೆ ಫಾರ್ಮು ಕೈಗೆತ್ತಿಕೊಂಡರು. ಉಡುಪಿಯ ಪುರೋಹಿತರ ಮನೆಯವರು. ಅಳಿಯಸಂತಾನ ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ, ಫಾರ್ಮು ಬರೆಯುವಾಗ ನೆನಪಾಗಲಿಲ್ಲ, ಅಷ್ಟೆ. ಸೊನ್ನೆಯನ್ನು ಹೊಡೆದು ಹಾಕಿ ಇಪ್ಪತ್ತು ಬರೆದರು. ಕೂಡಿಸಿದಾಗ ಎಪ್ಪತ್ತನಾಲ್ಕು ಬಂತು. ಯಂತ್ರಕ್ಕೆ ಮನೆ, ತಾಯಿ ಎಂದು ಇನ್ನೆರಡು ಕಾಲಂ ಸೇರಿಸಬೇಕು, ಅದಕ್ಕೆ ಮನೋರಮಕ್ಕನೇ ಮಣಿಪಾಲಕ್ಕೆ ಬಂದು ಹೇಳಿಕೊಡಬೇಕು ಎಂದು ಕೇಳಿಕೊಂಡರು.

"ಈ ಕ್ರಮ ನಿಮಗೆ ಯಾರು ಕಲಿಸಿದ್ದು?"

ಮನೋರಮಾ ಸೆರಗು ಸರಿಮಾಡಿಕೊಂಡಳು. ಹದಿನಾರು ವರ್ಷದಲ್ಲಿ ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.

"ಯಾರೂ ಇಲ್ಲ ಸರ್. ನಾನೇ ಮಾಡಿದ್ದು."